ತಟ್ಟೆ, ಕ್ಯಾಸೆಟ್ಟು ಮತ್ತು ದಾಂಡೇಲಿಯ ಜಗಳಗಳು

ದಾಂಡೇಲಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕಾಡು, ಕಾಳಿ ನದಿ, ಕಾಗದದ ಕಾರ್ಖಾನೆ. ನನಗೆ ನೆನಪಾಗೋದು ಜಗಳ! ಹೊಡೆದಾಟದ ಜಗಳ ಅಲ್ಲ. ಕಾರ್ಖಾನೆಯ ಭೋಂಗಾ ಆಗಿ, ಪಾಳಿ ಮುಗಿಸಿ ಬಂದವರು ನಮ್ಮ ಮಾಮಾನ ಮನೆ ಕಟ್ಟೆ ಮೇಲೆ ಕೂತು, ಚಹಾ ಕುಡೀತಾ ಆಡುತ್ತಿದ್ದ ಜಗಳ. ಮಲ್ಲಿಕಾರ್ಜುನ ಮನ್ಸೂರ ದೊಡ್ಡವರೋ, ಭೀಮಸೇನ ಜೋಶಿ ದೊಡ್ಡವರೋ? ಈ ಪ್ರಶ್ನೆ 1980ರ ದಶಕದಲ್ಲಿ ಶುರುವಾಗಿದ್ದು, ನನಗೆ ಗೊತ್ತಿದ್ದಂತೆ ಇನ್ನೂ ಬಗೆಹರಿದಿಲ್ಲ.

ಈ ಜಗಳಕ್ಕೂ ಒಂದು ಇತಿಹಾಸ ಇದೆ. ಅದನ್ನ ಬರೆದಿಡೋಣ ಅನ್ನಿಸಿತು.

ಮೊದಲು ಊರಿನ ಸಂಗತಿ. ಉತ್ತರ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಹಳಿಯಾಳದಲ್ಲಿ ಕನ್ನಡದಷ್ಟೇ ಸಲೀಸಾಗಿ ಮರಾಠಿ ಮಾತಾಡ್ತಾರೆ. ಜೋಯಿಡಾದ ಕಡೆ ಕೊಂಕಣಿ. ಮುಂಡಗೋಡದವರಿಗೆ ಹುಬ್ಬಳ್ಳಿ, ಶಿಗ್ಗಾಂವಿ ಹತ್ತಿರ. ದಾಂಡೇಲಿ, ಹಳಿಯಾಳದವರಿಗೆ ಏನೇ ಬೇಕಿದ್ದರೂ ಧಾರವಾಡ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪನೆಯಾಗಿ 1959ರಲ್ಲಿ ಕಾಗದ ಮಾಡಲು ಶುರುಮಾಡಿತು. ಆಮೇಲೆ ಎಲ್ಲೆಲ್ಲಿಂದಲೋ ಜನ ಬಂದರು, ಜೊತೆಗೆ ತಮ್ಮ ತಮ್ಮ ಹಾಡು ತಂದರು. ಹೀಗಾಗಿ ಒಂದೇ ಕಟ್ಟೆಯ ಮೇಲೆ ಭೀಮಸೇನರ ಕನ್ನಡ ದಾಸವಾಣಿ ಮೇಲೋ, ಮರಾಠಿ ಅಭಂಗವಾಣಿ ಮೇಲೋ ಅನ್ನುವ ವಾದ ನಡೆಯೋದು. ಹಾಡಿದವರು ಒಬ್ಬರೇ, ಆದರೆ ಬಡಿದಾಡೋಕೆ ಎರಡು ಪಕ್ಷ!

ನಮ್ಮ ಈ ಸೀಮೆಯ ಸಂಗೀತದ ಚರಿತ್ರೆಯೇ ಒಂದು ಗ್ರಾಮಫೋನ್ ತಟ್ಟೆಯಿಂದ ತಿರುವು ಪಡೆದದ್ದು ಅಂದರೆ ತಪ್ಪಾಗಲಾರದು. ಭೀಮಸೇನ ಜೋಶಿ ಹುಟ್ಟಿದ್ದು 1922ರಲ್ಲಿ, ಗದಗದ ಕಡೆ. ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಹಾಕುತ್ತಿದ್ದ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡರು. ಹಾಡಿದರೆ ಹೀಗೆ ಹಾಡಬೇಕು ಅಂತ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಓಡಿಹೋದರು. ಗುರುವನ್ನು ಹುಡುಕುತ್ತ ಉತ್ತರ ಹಿಂದೂಸ್ತಾನವೆಲ್ಲ ತಿರುಗಿ, ಕೊನೆಗೆ ಸಿಕ್ಕಿದ್ದು ಮನೆಯ ಹತ್ತಿರವೇ ಇದ್ದ ಕುಂದಗೋಳದ ಸವಾಯಿ ಗಂಧರ್ವರು. ಅವರೂ ಅಬ್ದುಲ್ ಕರೀಂ ಖಾನರ ಶಿಷ್ಯರೇ! ಮೂರು ನಿಮಿಷದ ತಟ್ಟೆಗೆ ಎಷ್ಟು ಶಕ್ತಿ ನೋಡಿ...

ಹೌದು, ಮೂರು ನಿಮಿಷ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಯುತ್ತಿದ್ದದ್ದು ಅಷ್ಟೇ. ಮುಂದುವರಿದ ದೇಶಗಳಲ್ಲಿ ಇಂಥ ನಾಲ್ಕಾರು ತಟ್ಟೆಗಳನ್ನು ಫೋಟೋ ಆಲ್ಬಮ್ಮಿನ ಹಾಗೆ ಪುಸ್ತಕ ಕಟ್ಟಿ ಮಾರುತ್ತಿದ್ದರು. ‘ಆಲ್ಬಮ್’ ಅನ್ನುವ ಹೆಸರು ಬಂದದ್ದು ಅಲ್ಲಿಂದ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷ ಸಿಕ್ಕಿತು. ನಮ್ಮ ಖ್ಯಾಲಿಗೆ ಉಸಿರು ಬಂದದ್ದು ಆಗಲೇ.

ಮಾಮಾನ ಕಟ್ಟೆಯ ಜಗಳದ ತಿರುಳೂ ಇಲ್ಲೇ ಇತ್ತು.

“ಅಲ್ರೀ, ಮೂರು ನಿಮಿಷದಾಗ ರಾಗ ಏನ್ ತೋರಿಸ್ತಾರ್ರೀ? ಬರೇ ವಾಸನಿ ತೋರಿಸಿದಂಗ,” ಅಂತ ಒಬ್ಬರು.

“ವಾಸನಿ ತಗೊಂಡೇ ಭೀಮಸೇನರು ಮನಿ ಬಿಟ್ಟು ಹೋದ್ರಲ್ರೀ?” ಅಂತ ಮಾಮಾ.

ಮಾಮಾ ಮನ್ಸೂರರ ಪಕ್ಷ. ಮನ್ಸೂರರು (1910-1992) ಮೊದಲು ಕಲಿತದ್ದು ನೀಲಕಂಠಬುವಾ ಮಿರಜಕರರ ಹತ್ತಿರ, ಗ್ವಾಲಿಯರ್ ಪದ್ಧತಿ. ಆಮೇಲೆ ಮಂಜಿ ಖಾನ್, ಭುರ್ಜಿ ಖಾನರಿಂದ ಜೈಪುರ-ಅತ್ರೌಲಿ. 1930ರ ದಶಕದ ತಟ್ಟೆಗಳಲ್ಲಿ ಹುಡುಗು ದನಿ, ಮಿಂಚಿನ ತಾನು. ಎಲ್‌ಪಿಗಳಲ್ಲಿ ಕೇಳುವುದು ವಯಸ್ಸಾದ ಮೇಲಿನ ದನಿ. ಅಪರೂಪದ ರಾಗಗಳು, ಎಲ್ಲೂ ನಿಲ್ಲದ ಹರಿವು. ಭೀಮಸೇನರ ಪಕ್ಷದವರು “ಆ ಕಂಠ ಎಲ್ಲಿಂದ ತರ್ತೀರಿ?” ಅಂದರೆ, ಮಾಮಾ “ನಿಮ್ಮವರು ಹಾಡಿದ್ದೇ ರಾಗ ಹಾಡ್ತಾರ” ಅನ್ನೋರು. ಎರಡೂ ಮಾತಿನಲ್ಲಿ ಸತ್ಯ ಇತ್ತು ಅಂತ ನನಗೆ ಗೊತ್ತಾಗಲು ಇಪ್ಪತ್ತು ವರ್ಷ ಬೇಕಾಯಿತು.

ಎಲ್ಲರ ಬಾಯಿ ಮುಚ್ಚಿಸುತ್ತಿದ್ದದ್ದು ಮಾತ್ರ ಗಂಗೂಬಾಯಿ ಹಾನಗಲ್ಲರ ಹಳೇ ತಟ್ಟೆ. 1930ರ ದಶಕದಲ್ಲಿ ಅವರ ತಟ್ಟೆಗಳು ಬಂದದ್ದು ‘ಗಾಂಧಾರಿ ಹುಬ್ಬಳ್ಳಿ’ ಅನ್ನುವ ಹೆಸರಿನಲ್ಲಿ. ತೆಳ್ಳಗಿನ, ಎತ್ತರದ ಹೆಣ್ಣು ದನಿ. ಗಂಟಲ ಶಸ್ತ್ರಚಿಕಿತ್ಸೆಯ ನಂತರ ಅದೇ ದನಿ ಗಂಡಸಿನಷ್ಟು ಗಡುಸಾಯಿತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿದರೆ ಯಾರೂ ನಂಬುತ್ತಿರಲಿಲ್ಲ. ಕಳೆದುಕೊಂಡದ್ದನ್ನೇ ಗಳಿಕೆ ಮಾಡಿಕೊಂಡ ಹೆಣ್ಣುಮಗಳ ಕತೆ ಆ ಎರಡು ಧ್ವನಿಮುದ್ರಣಗಳ ನಡುವೆ ಇದೆ. ಬರೀ ಒಂದನ್ನು ಕೇಳಿದವರಿಗೆ ಅದು ಸಿಗೋದಿಲ್ಲ.

ಎಲ್‌ಪಿ ಕೊಳ್ಳುವ ತಾಕತ್ತು ಎಷ್ಟು ಜನಕ್ಕಿತ್ತು? ನಮ್ಮಂಥವರ ಮನೆಗೆ ಸಂಗೀತ ತಂದದ್ದು 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ, ಆಮೇಲೆ ಕ್ಯಾಸೆಟ್ಟು. 1980ರ ದಶಕದಲ್ಲಿ ಟಿ-ಸೀರೀಸ್‌ನಂಥ ಕಂಪನಿಗಳು ಬಂದು ಎಚ್‌ಎಂವಿಯ ಏಕಸ್ವಾಮ್ಯ ಮುರಿದವು, ಬೆಲೆ ಇಳಿಯಿತು. ಟೂ-ಇನ್-ವನ್ ಇದ್ದರೆ ರೇಡಿಯೋದಿಂದಲೇ ಹಿಡಿದುಕೊಳ್ಳಬಹುದಿತ್ತು. ನಿಲಯದ ಕಲಾವಿದರ ಹಾಡು ಶುರುವಾಗುವ ಹೊತ್ತಿಗೆ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿಲ್ಲ! ಆ ಕ್ಯಾಸೆಟ್ಟು ದಾಂಡೇಲಿಯಿಂದ ಹಳಿಯಾಳಕ್ಕೆ, ಅಲ್ಲಿಂದ ಮುಂಡಗೋಡಕ್ಕೆ ಬಸ್ಸಿನಲ್ಲಿ ಹೋಗಿ, ಮೂರು ತಿಂಗಳ ಮೇಲೆ ಟೇಪು ಸುರುಳಿ ಹೊರಗೆ ಬಂದು ವಾಪಸು ಬರೋದು. ಪೆನ್ಸಿಲ್ ಹಾಕಿ ತಿರುಗಿಸಿದರೆ ಮತ್ತೆ ಹಾಡೋದು.

ಮುಂಡಗೋಡದ ಬಳಗದವರ ಜಗಳವೇ ಬೇರೆ. ಸಂತ ಶಿಶುನಾಳ ಶರೀಫರ (1819-1889) ಊರು ಶಿಗ್ಗಾಂವಿ ತಾಲೂಕಿನಲ್ಲಿದೆ, ಅಂದರೆ ಅವರಿಗೆ ಪಕ್ಕದ ಮನೆ. ಅಲ್ಲಿನ ಭಜನಾ ಮೇಳದವರು ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ತತ್ವಪದ ಹಾಡೋರು. ಅತ್ತ 1978ರಲ್ಲಿ ನಿಸಾರ್ ಅಹಮದ್ ಕವಿತೆಗಳ ‘ನಿತ್ಯೋತ್ಸವ’ ಬಂದ ಮೇಲೆ ಸುಗಮ ಸಂಗೀತದ ಕ್ಯಾಸೆಟ್ಟುಗಳ ಸುಗ್ಗಿ ಆಯಿತು, ಸಿ. ಅಶ್ವತ್ಥ್ ಶರೀಫರನ್ನು ಹಾಡಿದರು. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ 1990ರಲ್ಲಿ ಬಂತು, ಸಂಗೀತ ಅಶ್ವತ್ಥರದೇ. ಬೆಂಗಳೂರು, ಮೈಸೂರಿನವರೂ ಶರೀಫರನ್ನು ಗುನುಗತೊಡಗಿದರು.

“ಇದು ನಮ್ಮ ಶರೀಫಜ್ಜನ ಧಾಟಿ ಅಲ್ಲ ತಮ್ಮಾ,” ಅಂದಿದ್ದರು ಮುಂಡಗೋಡದ ಅಜ್ಜ ಒಬ್ಬರು. ಆಗ ನನಗೆ ಸಿಟ್ಟು ಬಂದಿತ್ತು, ಅಶ್ವತ್ಥರ ಕ್ಯಾಸೆಟ್ಟು ಕೇಳಿಯೇ ನಾನು ಶರೀಫರನ್ನು ಕಂಡವನು. ಈಗ ಅರ್ಥ ಆಗುತ್ತೆ. ಅಶ್ವತ್ಥರು ಶರೀಫರನ್ನು ನಾಡಿಗೆಲ್ಲ ಮುಟ್ಟಿಸಿದರು, ಅದು ಸಣ್ಣ ಕೆಲಸ ಅಲ್ಲ. ಆದರೆ ಊರೂರಿಗೆ ಒಂದೊಂದು ಧಾಟಿ ಇದ್ದ ಪದಕ್ಕೆ ಕ್ಯಾಸೆಟ್ಟು ಬಂದ ಮೇಲೆ ಒಂದೇ ಧಾಟಿ ಆಯಿತು. ಮೇಳದ ಹುಡುಗರೂ ಕ್ಯಾಸೆಟ್ಟಿನ ಹಾಗೇ ಹಾಡಲು ಕಲಿತದ್ದನ್ನು ನಾನೇ ಕೇಳಿದ್ದೇನೆ. ಅಜ್ಜನ ಸಂಕಟ ಅಶ್ವತ್ಥರ ಮೇಲಿನದಲ್ಲ, ತನ್ನ ಧಾಟಿ ತನ್ನ ಜೊತೆಗೇ ಹೋಗುತ್ತಲ್ಲ ಅನ್ನೋದು.

ಇನ್ನೊಂದು ಮಾತು ಹೇಳಲೇಬೇಕು. ಇಷ್ಟು ವರ್ಷ ಇಷ್ಟೆಲ್ಲ ಜಗಳ ಆಡಿದೆವಲ್ಲ, ನಮ್ಮ ಪಕ್ಕದಲ್ಲೇ ಇದ್ದ ಹಾಡು ಒಮ್ಮೆಯೂ ಜಗಳಕ್ಕೆ ಬರಲಿಲ್ಲ. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಸಿದ್ದಿ ಜನ ಡಮಾಮಿ ಬಾರಿಸಿ ಹಾಡಿ ಕುಣಿಯುತ್ತಾರೆ. ಅವರು ಆಫ್ರಿಕಾ ಮೂಲದವರು, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರ ಒಂದು ಹಾಡೂ ಮಾಮಾನ ಪೆಟ್ಟಿಗೆಯಲ್ಲಿರಲಿಲ್ಲ. ಸೂಪಾ ಅಣೆಕಟ್ಟಿನಲ್ಲಿ ಹಳೇ ಸೂಪಾ ಮುಳುಗಿತು. ಅಲ್ಲಿಂದ ಎದ್ದು ಬಂದ ಅಜ್ಜಿಯರು ಬೀಸುವಾಗ ಏನು ಹಾಡುತ್ತಿದ್ದರು ಅಂತ ನಾವು ಕೇಳಲಿಲ್ಲ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ ಶಿಬಿರ ಇದೆ. ಅಲ್ಲಿನ ಡ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಷುಗಳ ಮಂತ್ರಘೋಷ ಅಮೆರಿಕದಲ್ಲಿ ಸಿಡಿಯಾಗಿ ಮಾರಾಟವಾಗಿದೆ. ನಾವೋ, ಸ್ವೆಟರ್ ಕೊಳ್ಳಲು ಹೋಗಿ ಅದನ್ನೇ ಕೇಳುತ್ತ ದಾಟಿ ಬಂದವರು!

ತಟ್ಟೆಯಾಗಲಿಲ್ಲ ಅಂದ ಮಾತ್ರಕ್ಕೆ ಅದು ಸಂಗೀತ ಅಲ್ಲ ಅಂತ ನಾವು ಅಂದುಕೊಂಡಿದ್ದೆವು ಅನ್ನಿಸುತ್ತೆ. ಗದಗದ ಆ ಹುಡುಗನಿಗೆ ತಟ್ಟೆ ಬಾಗಿಲು ತೆರೆಯಿತು. ನಮಗೆ ಅದೇ ಬಾಗಿಲು ಒಂದಿಷ್ಟು ಹಾಡುಗಳನ್ನು ಹೊರಗೇ ಇಟ್ಟಿತು.

ಮಾಮಾ ಈಗಿಲ್ಲ. ಪೆಟ್ಟಿಗೆ ನನ್ನ ಹತ್ತಿರ ಇದೆ. ಮಲೆನಾಡಿನ ಮಳೆಗೆ ಅರ್ಧ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ಮನ್ಸೂರರು, ಭೀಮಸೇನರು ಬೇರೆ ಕಡೆ ಸಿಗುತ್ತಾರೆ, ಚಿಂತೆಯಿಲ್ಲ. ಮುಂಡಗೋಡದ ಅಜ್ಜನ ಧಾಟಿ ಎಲ್ಲೂ ಸಿಗೋದಿಲ್ಲ. ಅವತ್ತು ಟೂ-ಇನ್-ವನ್ ನನ್ನ ಕೈಯಲ್ಲೇ ಇತ್ತು, ಗುಂಡಿ ಒತ್ತಲಿಲ್ಲ.

ಈಗ ಎಲ್ಲರ ಕಿಸೆಯಲ್ಲೂ ಮೊಬೈಲಿದೆ. ನಿಮ್ಮ ಮನೆಯಲ್ಲಿ ಹಾಡುವ ಅಜ್ಜಿ, ಅಜ್ಜ ಇದ್ದರೆ ಈ ಭಾನುವಾರವೇ ಗುಂಡಿ ಒತ್ತಿಬಿಡಿ. ಚಲೋ ಅದನೋ ಇಲ್ಲೋ ಅಂತ ಆಮೇಲೆ ಕೂತು ಜಗಳ ಆಡೋಣ. ಏನಂತೀರಿ?