ರೂಪಾಯಿ ನಾಣ್ಯದಷ್ಟು ತಾಮ್ರ

ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶ ಎಂದರೆ ನೆನಪಾಗುವುದು ರಾಸಾಯನಿಕ, ಬಣ್ಣ, ಬಟ್ಟೆಯ ಕಾರ್ಖಾನೆಗಳು. ಆದರೆ ಆಂಟೆನಾ ವಿದ್ಯೆಯ ಒಂದು ದೊಡ್ಡ ನೆಲೆ ಇಲ್ಲಿಂದ ಬಹಳ ದೂರವಿಲ್ಲ: ಪವಾಯಿಯ ಐಐಟಿ, ಅದೇ ಆವರಣದಲ್ಲಿರುವ, ಮೈಕ್ರೋವೇವ್ ಸಂಶೋಧನೆಯ ಸಮೀರ್ ಸಂಸ್ಥೆ. ಐಐಟಿಯ ಗಿರೀಶ್ ಕುಮಾರ್ ಮತ್ತು ಸಮೀರ್‌ನ ಕೆ.ಪಿ. ರೇ ಬರೆದ ಪುಸ್ತಕ ‘ಬ್ರಾಡ್‌ಬ್ಯಾಂಡ್ ಮೈಕ್ರೋಸ್ಟ್ರಿಪ್ ಆಂಟೆನಾಸ್’ 2003ರಲ್ಲಿ ಬಂತು.

ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗದ ಉದ್ದ 12.5 ಸೆಂ.ಮೀ. ಆಂಟೆನಾಕ್ಕೆ ಸಾಮಾನ್ಯವಾಗಿ ಅದರ ಕಾಲುಭಾಗದಷ್ಟು ಉದ್ದ ಬೇಕು. ಹಳೆಯ ಮೊಬೈಲಿನಲ್ಲಿ ಆಂಟೆನಾ ಕೊಂಬಿನಂತೆ ಹೊರಗೆ ಚಾಚಿರುತ್ತಿತ್ತು. ಒಳಗೆ ಅಡಗಿಸಲು ಸರ್ಕ್ಯೂಟ್ ಬೋರ್ಡಿನ ಮೇಲೆಯೇ ತಾಮ್ರದ ಚೌಕ ಮುದ್ರಿಸಿದರೆ ಬೇರೆ ತೊಂದರೆ: 1.6 ಮಿ.ಮೀ. ದಪ್ಪದ ಬೋರ್ಡಿನಲ್ಲಿ ಚೌಕಕ್ಕೂ ಹಿಂಬದಿಯ ತಾಮ್ರಕ್ಕೂ ನಡುವೆ ಶಕ್ತಿ ಸಿಕ್ಕಿಕೊಳ್ಳುತ್ತದೆ, ಆಂಟೆನಾ ಕೆಲಸ ಮಾಡುವ ಆವರ್ತನಗಳ ಪಟ್ಟಿ (ಬ್ಯಾಂಡ್) ಶೇ. 2–3ಕ್ಕೆ ಕುಗ್ಗುತ್ತದೆ.

ಉಪಾಯ ಸರಳ, ಸ್ವಲ್ಪ ತುಂಟತನದ್ದೂ ಹೌದು. ಹಿಂಬದಿಯ ತಾಮ್ರವನ್ನು ಅರ್ಧ ಕೆರೆದು ತೆಗೆದು, ಚೌಕದ ಬದಲು ದುಂಡು ಬಿಲ್ಲೆ ಇಡುವುದು. 10 ಮಿ.ಮೀ. ತ್ರಿಜ್ಯದ ಬಿಲ್ಲೆ ಸುಮಾರು 3 ಗಿಗಾಹರ್ಟ್ಸ್‌ನಿಂದ ಆರಂಭಿಸಿ ಅದರ ಮೂರು ಪಟ್ಟಿನವರೆಗೂ ಕೆಲಸ ಮಾಡಬಲ್ಲದು. ಅಮೆರಿಕ 2002ರಲ್ಲಿ 3.1ರಿಂದ 10.6 ಗಿಗಾಹರ್ಟ್ಸ್ ಪಟ್ಟಿಯನ್ನು ತೆರೆದ ಮೇಲೆ ಇಂಥವಕ್ಕೆ ಬೇಡಿಕೆ ಏರಿತು.

ಬಿಲ್ಲೆಯ ತಳವನ್ನು ಹತ್ತಿರದಿಂದ ನೋಡಿ. ಹಿಂಬದಿಯ ತಾಮ್ರದ ಅಂಚಿಗೂ ಅದಕ್ಕೂ ನಡುವಿನ ಸಂದು 0.3 ಮಿ.ಮೀ. ಆಸುಪಾಸು. ಫೆರಿಕ್ ಕ್ಲೋರೈಡಿನಲ್ಲಿ ಬೋರ್ಡು ಒಂದಿಷ್ಟು ಹೆಚ್ಚು ಹೊತ್ತು ನೆನೆದರೂ ತಾಮ್ರದ ಅಂಚು ತಿಂದುಹೋಗಿ ಈ ಅಳತೆ ತಪ್ಪುತ್ತದೆ. ಕೈಯಲ್ಲಿ ಹಿಡಿದಾಗ ಬೆರಳು ಮುಚ್ಚಿದರೂ ಶ್ರುತಿ ಕದಲುತ್ತದೆ.