ಮರುಭೂಮಿಯಲ್ಲಿ ಸೋರಿದ ಡಬ್ಬ

ಪೆಟ್ರೋಲ್ ತಾನಾಗಿ ಕಬ್ಬಿಣಕ್ಕೆ ತುಕ್ಕು ಹಿಡಿಸುವುದಿಲ್ಲ. ನೀರಿನಂಶವಿಲ್ಲದ ಪೆಟ್ರೋಲಿನಲ್ಲಿ ಮೊಳೆಯೊಂದನ್ನು ಮುಳುಗಿಸಿಟ್ಟರೆ ಅದು ಬಹುಕಾಲ ಹೊಳಪು ಕಳೆದುಕೊಳ್ಳದೆ ಉಳಿಯುತ್ತದೆ. ಹಾಗಿದ್ದೂ ಪೆಟ್ರೋಲ್ ತುಂಬಿಟ್ಟ ತಗಡಿನ ಕ್ಯಾನ್ ಒಳಗಿನಿಂದಲೇ ತುಕ್ಕು ತಿಂದು, ಒಂದು ದಿನ ತಳದಲ್ಲಿ ಸೋರತೊಡಗುವುದು ಏಕೆ? ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರಕ್ಕೆಂದು ಪೆಟ್ರೋಲ್ ತಂದಿಡುವ ಮಲೆನಾಡಿನ ಕೃಷಿಕರಿಗೆ ಈ ಪ್ರಶ್ನೆ ಹೊಸದಲ್ಲ. ದ್ವಿತೀಯ ಮಹಾಯುದ್ಧದಲ್ಲಿ ದೊಡ್ಡ ದೊಡ್ಡ ಸೈನ್ಯಗಳನ್ನೇ ಕಾಡಿದ ಪ್ರಶ್ನೆಯೂ ಇದೇ.

ಉತ್ತರ ಇರುವುದು ಪೆಟ್ರೋಲಿನಲ್ಲಲ್ಲ, ಅದರ ಮೇಲಿನ ಖಾಲಿ ಜಾಗದಲ್ಲಿ. ಅರ್ಧ ತುಂಬಿದ ಕ್ಯಾನಿನ ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಸಾಕು, ಅದು ಉಸಿರಾಡುತ್ತದೆ. ಹಗಲಿನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ರಾತ್ರಿ ತಂಪಾದಾಗ ಹೊರಗಿನ ತೇವದ ಗಾಳಿ ಒಳಸೇರುತ್ತದೆ. ಆ ತೇವ ತಣ್ಣನೆಯ ಗೋಡೆಯ ಮೇಲೆ ಇಬ್ಬನಿಯಂತೆ ಕಟ್ಟಿ, ಹನಿಯಾಗಿ ಕೆಳಗಿಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ನೇರವಾಗಿ ತಳಕ್ಕೆ ಹೋಗಿ, ತಗಡಿನ ಅಂಚುಗಳನ್ನು ಮಡಿಚಿ ಕೂಡಿಸಿದ ಸಂದಿಯಲ್ಲಿ ನಿಲ್ಲುತ್ತದೆ. ತುಕ್ಕಿನ ಕೆಲಸ ಅಲ್ಲಿಂದ ಆರಂಭ. ತುಕ್ಕಿನ ಪದರ ಹುಡಿಹುಡಿಯಾದದ್ದು. ಅದು ಉದುರಿದಂತೆಲ್ಲ ಕೆಳಗಿನ ಹೊಸ ಕಬ್ಬಿಣ ನೀರಿಗೆ ಒಡ್ಡಿಕೊಳ್ಳುತ್ತದೆ. ಉದುರಿದ ಹುಡಿ ಎಂಜಿನ್ನಿನ ಕಾರ್ಬುರೇಟರಿನ ಸಣ್ಣ ರಂಧ್ರಕ್ಕೆ ಹೋಗಿ ಕೂರುವುದು ಬೇರೆ.

ಇದಕ್ಕೆ ಹಳೆಯ ಪರಿಹಾರ ತವರದ ಲೇಪ. ನಮ್ಮಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದುದೂ ತವರದಿಂದಲೇ. ಒಂದು ಕಾಲಕ್ಕೆ ಊರೂರಿಗೆ ಬರುತ್ತಿದ್ದ 18 ಲೀಟರಿನ ಚೌಕಾಕಾರದ ಸೀಮೆಎಣ್ಣೆ ಡಬ್ಬವೂ ತವರ ಲೇಪಿಸಿದ ತಗಡಿನದೇ. ಎಣ್ಣೆ ಮುಗಿದ ಮೇಲೆ ಅದು ನೀರು ಹೊರುವ ಕೊಡವಾಗಿ, ಬಿಡಿಸಿ ಹಾಸಿದರೆ ಸೂರಿನ ತಗಡಾಗಿ ಬಾಳಿದ್ದನ್ನು ಹಿರಿಯರು ನೆನೆಯುತ್ತಾರೆ. ಆದರೆ ತವರಕ್ಕೆ ಒಂದು ದೌರ್ಬಲ್ಯವಿದೆ. ಲೇಪ ಅಖಂಡವಾಗಿರುವವರೆಗೆ ಅದು ಕಬ್ಬಿಣವನ್ನು ಕಾಯುತ್ತದೆ. ಎಲ್ಲಾದರೂ ಗೀರು ಬಿತ್ತೆಂದರೆ, ಒದ್ದೆಯಲ್ಲಿ ಆ ಜಾಗದ ಕಬ್ಬಿಣ ಮಾಮೂಲಿಗಿಂತ ಬೇಗ ಸವೆಯುತ್ತದೆ. ಸತುವಿನ ಗುಣ ಇದಕ್ಕೆ ತದ್ವಿರುದ್ಧ. ಗೀರು ಬಿದ್ದಲ್ಲಿ ಅದು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ.

1940ರಲ್ಲಿ ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಬ್ರಿಟಿಷ್ ಸೇನೆ ಪೆಟ್ರೋಲ್ ಸಾಗಿಸಲು ನೆಚ್ಚಿಕೊಂಡದ್ದು ಇದೇ ಜಾತಿಯ ನಾಲ್ಕು ಗ್ಯಾಲನ್ನಿನ ತಗಡಿನ ಡಬ್ಬವನ್ನು. ಸೈನಿಕರು ಅದಕ್ಕೆ ಇಟ್ಟ ಹೆಸರು ‘ಫ್ಲಿಮ್ಸಿ’. ಬಲವಿಲ್ಲದ್ದು, ಜೊಳ್ಳು ಎಂದು ಅರ್ಥ. ಒಮ್ಮೆ ಬಳಸಿ ಬಿಸಾಡಲೆಂದೇ ಮಾಡಿದ ಅಗ್ಗದ ಸರಕು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಜಜ್ಜಿಹೋಗುತ್ತಿದ್ದವು. ಲಾರಿಯ ಕುಲುಕಾಟಕ್ಕೆ ಬೆಸುಗೆ ಬಿಡುತ್ತಿತ್ತು. ಅಲೆಕ್ಸಾಂಡ್ರಿಯದಿಂದ ಬೆಂಗಾಜಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಪೆಟ್ರೋಲ್ ಹೊತ್ತ ಲಾರಿ ದಾರಿಯುದ್ದಕ್ಕೂ ತಾನೂ ಪೆಟ್ರೋಲ್ ಕುಡಿಯುತ್ತದೆ ಎಂಬುದನ್ನು ಮರೆಯಬಾರದು. ಹೀಗಿರುವಾಗ ಗೋದಾಮಿಗೂ ಬಳಸುವವನ ಕೈಗೂ ನಡುವೆ ಶೇ. 30ರಷ್ಟು ಪೆಟ್ರೋಲ್ ಪೋಲಾಗುತ್ತಿದೆ ಎಂದು ಅಂದಾಜು ಮಾಡಿದವರು ಸ್ವತಃ ದಂಡನಾಯಕ ಆಕಿನ್‌ಲೆಕ್. (ಮುಂದೆ 1943ರಿಂದ 1947ರವರೆಗೆ ಭಾರತದ ಸೇನೆಯ ಮುಖ್ಯಸ್ಥರಾಗಿದ್ದವರೂ ಅವರೇ.) ಭಾರತದ 4ನೇ ಡಿವಿಷನ್ನಿನ ಯೋಧರೂ ಅದೇ ಮರಳಿನಲ್ಲಿ, ಅವೇ ಡಬ್ಬಗಳನ್ನು ನಂಬಿ ಹೋರಾಡಿದರು. ಫ್ಲಿಮ್ಸಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಅದನ್ನು ಅರ್ಧಕ್ಕೆ ಕತ್ತರಿಸಿ, ಮರಳು ತುಂಬಿ, ಪೆಟ್ರೋಲ್ ಸುರಿದು ಚಹಾ ಕಾಯಿಸುವ ಒಲೆ ಮಾಡಿಕೊಂಡಾಗ ಎನ್ನಬೇಕು!

ಎದುರಾಳಿ ಜರ್ಮನರ ಬಳಿ ಇದ್ದದ್ದು ಬೇರೆಯೇ ವಸ್ತು. 1937ರ ಸುಮಾರಿಗೆ ಷ್ವೆಲ್ಮ್ ಊರಿನ ಮ್ಯೂಲರ್ ಕಾರ್ಖಾನೆಯಲ್ಲಿ ರೂಪುಗೊಂಡ 20 ಲೀಟರಿನ ಉಕ್ಕಿನ ಕ್ಯಾನ್ ಅದು. ಎಂಜಿನಿಯರ್ ವಿನ್ಸೆಂಟ್ಸ್ ಗ್ರೂನ್‌ಫೋಗಲ್ ಅದರ ವಿನ್ಯಾಸಕಾರ. ಸಾಧಾರಣವಾಗಿ ಎಲ್ಲರ ಕಣ್ಣಿಗೂ ಬೀಳುವುದು ಅದರ ಮೂರು ಹಿಡಿಕೆಗಳು. ತುಂಬಿದ ಕ್ಯಾನನ್ನು ಇಬ್ಬರು ಹಂಚಿಕೊಂಡು ಹಿಡಿಯಬಹುದು. ಖಾಲಿಯಾದರೆ ಒಬ್ಬನೇ ಒಂದೊಂದು ಕೈಯಲ್ಲಿ ಎರಡೆರಡನ್ನು ಒಯ್ಯಬಹುದು. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಕಣ್ಣಿಗೆ ಬೀಳದ ಮೂರು ಸಂಗತಿಗಳು. ಉಕ್ಕಿನ ಎರಡು ಅರ್ಧಗಳನ್ನು ಅಚ್ಚೊತ್ತಿ ಒಂದೇ ಗೆರೆಯಲ್ಲಿ ವೆಲ್ಡ್ ಮಾಡಲಾಗಿತ್ತು. ಆದ್ದರಿಂದ ನೀರು ನಿಲ್ಲುವ ತಳದ ಮಡಿಕೆಯೇ ಇರಲಿಲ್ಲ. ಆ ಗೆರೆಯೂ ತಗ್ಗಿನಲ್ಲಿದ್ದುದರಿಂದ ಏಟು ತಾಗುತ್ತಿರಲಿಲ್ಲ. ಒಳಗೋಡೆಗೆ ಪೆಟ್ರೋಲಿಗೆ ಕರಗದ ಲೇಪವಿತ್ತು. ಇನ್ನು ಮುಚ್ಚಳ, ಸನ್ನೆಯೊತ್ತಿದರೆ ರಬ್ಬರ್ ಬಳೆಯ ಮೇಲೆ ಬಿಗಿಯಾಗಿ ಕೂರುವಂಥದ್ದು. ಹೀಗಾಗಿ ಕ್ಯಾನ್ ಉಸಿರಾಡುವಂತಿಲ್ಲ! ಜರ್ಮನರನ್ನು ‘ಜೆರ್ರಿ’ ಎಂದು ಕರೆಯುತ್ತಿದ್ದ ಬ್ರಿಟಿಷ್ ಸೈನಿಕರು ವಶಪಡಿಸಿಕೊಂಡ ಇಂಥ ಕ್ಯಾನುಗಳನ್ನು ಜೋಪಾನವಾಗಿ ಬಳಸಿದರು. ‘ಜೆರ್ರಿಕ್ಯಾನ್’ ಎಂಬ ಹೆಸರು ಬಂದದ್ದು ಹೀಗೆ. ಇಂದು ಕನ್ನಡದಲ್ಲೂ ಪ್ಲಾಸ್ಟಿಕ್ ಕ್ಯಾನಿಗೆ ಇದೇ ಹೆಸರು ಅಂಟಿಕೊಂಡಿದೆ.

ಅಮೆರಿಕಕ್ಕೆ ಈ ಕ್ಯಾನ್ ತಲುಪಿದ ಕಥೆಯಲ್ಲಿ ಭಾರತವೂ ಬರುತ್ತದೆ. ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿಯಾಗಿದ್ದ ರಿಚರ್ಡ್ ಡೇನಿಯಲ್ 1987ರಲ್ಲಿ ಅದನ್ನು ವಿವರವಾಗಿ ಬರೆದಿದ್ದಾರೆ. ಅದರ ಪ್ರಕಾರ, ಪಾಲ್ ಪ್ಲೈಸ್ ಎಂಬ ಅಮೆರಿಕನ್ ಎಂಜಿನಿಯರ್ 1939ರಲ್ಲಿ ಜರ್ಮನ್ ಗೆಳೆಯನೊಡನೆ ಬರ್ಲಿನ್ನಿನಿಂದ ಭಾರತಕ್ಕೆ ಕಾರಿನಲ್ಲಿ ಹೊರಟರು. ದಾರಿಯಲ್ಲಿ ನೀರಿಗೆಂದು ಆ ಗೆಳೆಯ ಬರ್ಲಿನ್ನಿನ ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ದಾಸ್ತಾನಿನಿಂದ ಮೂರು ಕ್ಯಾನ್ ಎತ್ತಿಕೊಂಡಿದ್ದರು. ನಡುದಾರಿಯಲ್ಲಿ ಅವರನ್ನು ಜರ್ಮನಿ ವಾಪಸು ಕರೆಸಿಕೊಂಡಿತು. ಹೋಗುವ ಮುನ್ನ ಅವರು ಕ್ಯಾನಿನ ತಯಾರಿಕೆಯ ವಿವರಗಳನ್ನೆಲ್ಲ ಪ್ಲೈಸ್‌ಗೆ ತಿಳಿಸಿದ್ದರು. ಪ್ಲೈಸ್ ಒಬ್ಬರೇ ಕಲ್ಕತ್ತ ಮುಟ್ಟಿ, ಕಾರನ್ನು ಅಲ್ಲೇ ಇರಿಸಿ ಸ್ವದೇಶಕ್ಕೆ ಮರಳಿದರು. ಬರೀ ಬಾಯಿಮಾತಿಗೆ ಸೇನೆಯವರು ಕಿವಿಗೊಡದಿದ್ದಾಗ ಕಾರನ್ನೇ ತರಿಸಿಕೊಂಡರು. 1940ರ ಬೇಸಿಗೆಯಲ್ಲಿ ಅದು ಕಲ್ಕತ್ತದಿಂದ ನ್ಯೂಯಾರ್ಕ್ ಸೇರಿದಾಗ ಮೂರೂ ಕ್ಯಾನ್ ಅದರಲ್ಲಿದ್ದವು.

ಮುಂದೆ ನಡೆದದ್ದು ವಿಚಿತ್ರ. ಮೇರಿಲ್ಯಾಂಡಿನ ಕ್ಯಾಂಪ್ ಹೋಲಬರ್ಡ್‌ನ ತಜ್ಞರು ಅದನ್ನು ನೋಡಿ ತಮ್ಮದೇ ಕ್ಯಾನ್ ರೂಪಿಸಿದರು. ಆಕಾರ, ಅಳತೆ, ಹಿಡಿಕೆಗಳನ್ನು ಮಾತ್ರ ಉಳಿಸಿಕೊಂಡರು. ವೆಲ್ಡಿಂಗ್ ಬದಲು ಮಡಿಚಿ ಸುತ್ತಿದ ಅಂಚು ಬಂತು. ಒಳಲೇಪ ಹೋಯಿತು. ಸನ್ನೆ ಮುಚ್ಚಳದ ಜಾಗದಲ್ಲಿ ತಿರುಪಿನ ಮುಚ್ಚಳ ಬಂತು. ತೆಗೆಯಲು ಸ್ಪ್ಯಾನರ್, ಸುರಿಯಲು ಲಾಳಿಕೆ. ಅಂದರೆ ನೋಡಲು ಜೆರ್ರಿಕ್ಯಾನ್, ಅದಕ್ಕೆ ಆಯುಸ್ಸು ಕೊಡುತ್ತಿದ್ದ ಗುಣಗಳು ಮಾತ್ರ ಮಾಯ. ಅವು ಸೋರಿದ ಬಗೆಯನ್ನು ಡೇನಿಯಲ್ ಕಟುವಾಗಿಯೇ ದಾಖಲಿಸಿದ್ದಾರೆ. ಬ್ರಿಟಿಷರು ಹೆಚ್ಚು ಜಾಣರು. ಜರ್ಮನ್ ಮಾದರಿಯನ್ನು ಇದ್ದದ್ದು ಇದ್ದಂತೆಯೇ ನಕಲು ಮಾಡಿದರು. 1944ರಲ್ಲಿ ಮಿತ್ರಸೇನೆಗಳು ಫ್ರಾನ್ಸಿನಲ್ಲಿ ಮುನ್ನುಗ್ಗುವ ಹೊತ್ತಿಗೆ ಕೋಟಿಗಟ್ಟಲೆ ಕ್ಯಾನುಗಳು ಓಡಾಡುತ್ತಿದ್ದವು. ಸೈನಿಕರು ದಾರಿಬದಿಯಲ್ಲಿ ಎಸೆದು ಹೋದವನ್ನು ತಂದೊಪ್ಪಿಸಲು ಫ್ರೆಂಚ್ ಮಕ್ಕಳಿಗೆ ಬಹುಮಾನದ ಆಸೆ ತೋರಿಸಬೇಕಾಯಿತು.

ಇಂದು ಹಳೆಯ ಜೀಪಿನ ಹಿಂಬದಿಗೆ ಕಟ್ಟಿದ ಕ್ಯಾನಿಗೂ ಆರೈಕೆ ಅದೇ. ತುಂಬಿಸಿಟ್ಟಷ್ಟೂ ಒಳಗೆ ಗಾಳಿಗೆ ಜಾಗ ಕಡಿಮೆ, ಆದರೆ ಹಿಗ್ಗಲು ಸ್ವಲ್ಪ ಅವಕಾಶ ಇರಲೇಬೇಕು. ಒದ್ದೆ ನೆಲದ ಮೇಲಲ್ಲ, ಮರದ ಹಲಗೆಯ ಮೇಲಿಡಬೇಕು. ಮುಚ್ಚಳದ ರಬ್ಬರ್ ಬಿರುಕು ಬಿಟ್ಟರೆ ಮೊದಲು ಅದನ್ನು ಬದಲಿಸಬೇಕು. ಒಳಗೆ ತೆಳುವಾಗಿ ತುಕ್ಕು ಕಂಡರೆ ಪೆಟ್ರೋಲ್ ಪೂರ್ತಿ ತೆಗೆದು, ಬಯಲಿನಲ್ಲಿ ಚೆನ್ನಾಗಿ ತೊಳೆದು, ಬೆಣಚುಕಲ್ಲು ಹಾಕಿ ಕುಲುಕುವುದು ಹಳೆಯ ವಿಧಾನ. ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ. ಹುಣಸೆಹಣ್ಣಿನಿಂದ ಹಿತ್ತಾಳೆ ಬೆಳಗುವ ವಿದ್ಯೆಯ ಅಣ್ಣ ಎನ್ನಿ, ಆದರೆ ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು. ತೊಳೆದ ಬರಿಗಬ್ಬಿಣ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕೆಂಪಾಗುತ್ತದೆ. ಆದ್ದರಿಂದ ಕೂಡಲೇ ಒಣಗಿಸಿ, ಇಂಧನದ ಟ್ಯಾಂಕಿಗೆಂದೇ ಮಾಡಿದ ಲೇಪ ಹಚ್ಚಬೇಕು. ಮಾಮೂಲಿ ಬಣ್ಣ ಪೆಟ್ರೋಲಿನಲ್ಲಿ ಕರಗುತ್ತದೆ. ತೂತು ಬಿದ್ದಿದ್ದರೆ ಕ್ಯಾನನ್ನು ಗುಜರಿಗೆ ಹಾಕುವುದೇ ಲೇಸು. ಖಾಲಿ ಕ್ಯಾನ್ ತಾನೇ ಎಂದು ವೆಲ್ಡಿಂಗಿಗೆ ಕೊಡುವವರಿದ್ದಾರೆ. ಉಳಿದ ಪೆಟ್ರೋಲಿನ ಆವಿ ಗಾಳಿಯೊಡನೆ ಬೆರೆತ ಖಾಲಿ ಕ್ಯಾನ್ ತುಂಬಿದ ಕ್ಯಾನಿಗಿಂತ ಸುಲಭವಾಗಿ ಸಿಡಿಯುತ್ತದೆ.

ಗ್ರೂನ್‌ಫೋಗಲ್ ಕಾಲಕ್ಕಿಲ್ಲದ ಒಂದು ತೊಡಕು ಈಗ ಸೇರಿಕೊಂಡಿದೆ. 2025ರಲ್ಲಿ ಭಾರತದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20 ಮುಟ್ಟಿತು. ಎಥನಾಲ್ ನೀರನ್ನು ಹೀರುತ್ತದೆ. ಒಂದು ಮಿತಿಯವರೆಗೆ ಆ ನೀರು ಪೆಟ್ರೋಲಿನಲ್ಲೇ ಬೆರೆತಿರುತ್ತದೆ; ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಕೂಡಿ ಬೇರೆಯಾಗಿ ತಳದಲ್ಲಿ ಒಂದು ಪದರವಾಗುತ್ತವೆ. ಬರಿಗಬ್ಬಿಣಕ್ಕೆ ಆ ಪದರ ಕೆಟ್ಟದ್ದು, ಕೆಲವು ಹಳೆಯ ಒಳಲೇಪಗಳಿಗೂ ಕೆಟ್ಟದ್ದು. ಮಳೆಗಾಲದುದ್ದಕ್ಕೂ ಕ್ಯಾನಿನಲ್ಲಿ ಪೆಟ್ರೋಲ್ ಉಳಿಸಿಕೊಂಡವರು, ಬಳಸುವ ಮುನ್ನ ಬೆಂಕಿಯಿಂದ ದೂರದಲ್ಲಿ ಒಂದಿಷ್ಟನ್ನು ಗಾಜಿನ ಸೀಸೆಗೆ ಬಗ್ಗಿಸಿ, ಅಡಿಯಲ್ಲಿ ಬೇರೆ ಪದರ ನಿಂತಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.