ಸವಾಲು-ಜವಾಬಿನ ಸೀಮೆ

ಇನ್ನೂ ಪೂರ್ಣಗೊಳ್ಳದ, ಇನ್ನೂ ಯಾರ ಕೈಗೂ ಸೇರದ ಒಂದು ಕಲ್ಪಿತ ಲೋಕದ ವಿಷಯವಾಗಿ, ಅದನ್ನು ನಿರ್ಮಿಸುತ್ತಿರುವವನನ್ನೇ ಎದುರಿಗೆ ನಿಲ್ಲಿಸಿಕೊಂಡು, ಆ ಲೋಕದ ಮೇರೆ ಎಲ್ಲಿಯವರೆಗೆ, ಅಲ್ಲಿ ಎಷ್ಟು ಗ್ರಹಗಳುಂಟು, ಅಲ್ಲಿಯ ಜೀವಿಗಳು ಯಾವ ನಿಯಮಕ್ಕೆ ಒಳಪಟ್ಟು ಹುಟ್ಟಿ ಬೆಳೆಯುತ್ತವೆ ಎಂದು ಅಭಿಮಾನಿಗಳು ಕೇಳುವುದೂ ಅವನು ಉತ್ತರ ಹೇಳುವುದೂ ವಿಜ್ಞಾನಕಥೆಯನ್ನು ಆಧರಿಸಿದ ವಿಡಿಯೋ ಗೇಮ್‌ಗಳ ಪ್ರಪಂಚದಲ್ಲಿ ಇಂದು ನೆಲೆಗೊಂಡ ಸಂಪ್ರದಾಯವಾಗಿದೆ. ಇದು ಯಂತ್ರಯುಗದ ಹೊಸ ಪದ್ಧತಿಯೆಂದು ತಿಳಿದವರೇ ಬಹಳ. ಆದರೆ ಕೃಷ್ಣೆ ಘಟಪ್ರಭೆಗಳ ಆಸುಪಾಸಿನಲ್ಲಿ ಹಬ್ಬಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ, ಸೃಷ್ಟಿಯ ಕಥೆಯನ್ನು ಕಟ್ಟಿ ಹಾಡುವವನು ಆ ಸೃಷ್ಟಿಯ ಬಗೆಗಿನ ಪ್ರಶ್ನೆಗಳಿಗೆ ನೆರೆದ ಮಂದಿಯ ಸಮಕ್ಷಮದಲ್ಲಿ, ಕೇಳಿದ ರಾತ್ರಿಯೇ, ಉತ್ತರ ಕೊಡಲೇಬೇಕೆಂಬ ಕಟ್ಟುಪಾಡು ತಲೆಮಾರುಗಳಿಂದ ನಡೆದುಬಂದಿದೆ. ಹರದೇಶಿ-ನಾಗೇಶಿ ಹಾಡಿಕೆಯೆಂದು ಪ್ರಸಿದ್ಧವಾದ ಆ ಲಾವಣಿ ಸಂಪ್ರದಾಯದ ಪೂರ್ವವೃತ್ತಾಂತವನ್ನು ಇಲ್ಲಿ ನಿರೂಪಿಸುವುದು ನನ್ನ ಉದ್ದೇಶ.

ಈ ಸೀಮೆಯ ರಾಜಕೀಯ ಚರಿತ್ರೆಯನ್ನು ಕಿಂಚಿತ್ತಾದರೂ ಅರಿಯದೆ ಈ ಹಾಡಿಕೆಯ ಸ್ವರೂಪ ತಿಳಿಯಲಾರದು. ಜಮಖಂಡಿಯಲ್ಲಿ 1811ರಿಂದ ಪಟವರ್ಧನ ಮನೆತನದ ಒಂದು ಶಾಖೆ ಆಳುತ್ತಿತ್ತು. ಮುಧೋಳದಲ್ಲಿ ಘೋರ್ಪಡೆಯವರು ಅದಕ್ಕೂ ಬಹುಕಾಲ ಹಿಂದಿನಿಂದ ಗದ್ದುಗೆಯಲ್ಲಿದ್ದರು. ಬೀಳಗಿಯಾದರೋ ಬ್ರಿಟಿಷರ ನೇರ ಆಡಳಿತಕ್ಕೆ ಒಳಪಟ್ಟು ಮೊದಲು ಕಲಾದಗಿ ಜಿಲ್ಲೆಗೂ ಆಮೇಲೆ ವಿಜಾಪುರ ಜಿಲ್ಲೆಗೂ ಸೇರಿತು. 1948ರ ಮಾರ್ಚ್ ತಿಂಗಳಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ದಫ್ತರದ ಭಾಷೆ ಮರಾಠಿ, ಬೀದಿಯ ಭಾಷೆ ಕನ್ನಡ ಎಂಬ ಸ್ಥಿತಿ ಆ ಸಂಸ್ಥಾನಗಳಲ್ಲಿತ್ತು. ಹೀಗೆ ಎರಡು ಭಾಷೆಗಳು ಒಂದೇ ಸಂತೆಯಲ್ಲಿ ಓಡಾಡುತ್ತಿದ್ದುದರಿಂದ, ಪೇಶ್ವೆಯರ ಕಾಲದಲ್ಲಿ ಮಹಾರಾಷ್ಟ್ರದಲ್ಲಿ ಉಚ್ಛ್ರಾಯಕ್ಕೆ ಬಂದಿದ್ದ ಲಾವಣಿ ಇತ್ತ ದಾಟಿ ಬರುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಸೊಲ್ಲಾಪುರದ ರಾಮಜೋಶಿಯಂಥ ಶಾಹೀರರ ಊರುಗಳಿಗೂ ನಮ್ಮ ಈ ಊರುಗಳಿಗೂ ಇರುವ ದೂರ ಚಕ್ಕಡಿಯ ಪ್ರಯಾಣಕ್ಕೆ ಮೀರಿದ್ದೇನಲ್ಲ.

ಈ ವಾದಸಂಪ್ರದಾಯದ ಹರಹು ಮಹಾರಾಷ್ಟ್ರಕ್ಕೂ ಆಚೆ ಚಾಚಿದೆ. ತುಕನಗೀರನೆಂಬ ಗೋಸಾವಿಯೂ ಶಾಹ ಅಲಿಯೆಂಬ ಫಕೀರನೂ ಚಂದೇರಿಯ ಅರಸನ ಮುಂದೆ ಹಾಡಿನಲ್ಲಿ ವಾದಿಸಿದಾಗ, ಇಬ್ಬರಲ್ಲಿ ಯಾರನ್ನೂ ಕಡಿಮೆಯೆನ್ನಲಾರದ ಆ ಅರಸನು ತನ್ನ ಮುಂಡಾಸದ ತುರಾಯಿಯನ್ನು ಮೊದಲನೆಯವನಿಗೂ ಕಲ್ಗಿಯನ್ನು ಎರಡನೆಯವನಿಗೂ ಕೊಟ್ಟು ಮನ್ನಿಸಿದನೆಂದು ಮಾಳವ ರಾಜಸ್ಥಾನಗಳಲ್ಲಿ ಒಂದು ಐತಿಹ್ಯವುಂಟು. ಐತಿಹ್ಯದ ಸತ್ಯಾಸತ್ಯವೇನೇ ಇರಲಿ, ತುರಾಯಿ ಶಿವಪಕ್ಷದ ಗುರುತಾಗಿಯೂ ಕಲ್ಗಿ ಶಕ್ತಿಪಕ್ಷದ ಗುರುತಾಗಿಯೂ ದೇಶದ ಹಲವು ಭಾಗಗಳಲ್ಲಿ ನಿಂತವು. ಕನ್ನಡದಲ್ಲಿ ತುರಾಯಿಯವರು ಹರದೇಶಿಯವರೆನಿಸಿಕೊಂಡರು, ಕಲ್ಗಿಯವರು ನಾಗೇಶಿಯವರೆನಿಸಿಕೊಂಡರು. ಸನ್ಯಾಸಿಯೊಬ್ಬ ಫಕೀರನೊಬ್ಬ ಸೇರಿ ಹುಟ್ಟಿಸಿದರೆನ್ನುವ ಈ ಪಂಥಗಳಲ್ಲಿ ಹಿಂದೂ ಮುಸಲ್ಮಾನ ಎಂಬ ಭೇದ ಉಳಿಯದಿದ್ದುದು ಆಶ್ಚರ್ಯವಲ್ಲ. ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಖಾಜಾಭಾಯಿಯ ಲಾವಣಿಗಳನ್ನೂ ಸಿದ್ದು-ಶಿವಲಿಂಗರ ಲಾವಣಿಗಳನ್ನೂ ಜನರು ಒಂದೇ ಮಮತೆಯಿಂದ ನೆನಪಿನಲ್ಲಿಟ್ಟುಕೊಂಡರು. ಅದೇ ಊರಿನ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಜಾನಪದ ಸಂಗ್ರಹಕ್ಕೆ ಕೈಹಾಕಿ 1933ರಲ್ಲಿ ‘ಜೀವನ ಸಂಗೀತ’ವೆಂಬ ಲಾವಣಿ ಸಂಕಲನವನ್ನು ಹೊರತಂದುದರಿಂದ ಅವುಗಳಲ್ಲಿ ಕೆಲವು ಅಚ್ಚಿನ ಮುಖವನ್ನೂ ಕಂಡವು.

ಇನ್ನು ಹಾಡಿಕೆಯ ರಾತ್ರಿಯ ಕ್ರಮ. ಊರ ಜಾತ್ರೆಗೋ ಹಬ್ಬಕ್ಕೋ ಹಿರಿಯರು ಎರಡೂ ಪಕ್ಷದ ಮೇಳಗಳಿಗೆ ವೀಳ್ಯ ಕೊಟ್ಟು ಕರೆಸುತ್ತಾರೆ. ದಪ್ಪು, ತುಂತುಣಿ, ತಾಳ, ಇಷ್ಟೇ ವಾದ್ಯಸಾಮಗ್ರಿ. ಮುಂದೆ ನಿಂತು ಹಾಡುವವರೊಬ್ಬರು, ಹಿಂದೆ ನಿಂತು ಸೊಲ್ಲೆತ್ತಿ ಹಿಡಿಯುವವರು ಇಬ್ಬರು ಮೂವರು. ಗಣಸ್ತುತಿ ಗುರುಸ್ತುತಿಗಳು ಮುಗಿದು, ತಮ್ಮ ತಮ್ಮ ಪಕ್ಷದ ಹಿರಿಮೆಯನ್ನು ಇಬ್ಬರೂ ಸಾರಿದ ಬಳಿಕ, ರಾತ್ರಿ ಏರುತ್ತಿದ್ದಂತೆ ಸವಾಲುಗಳು ಬೀಳತೊಡಗುತ್ತವೆ. ಭೂಮಿ ಆಕಾಶಗಳು ಮೂಡುವ ಮುನ್ನ ಶಿವನು ನಿಂತ ನೆಲೆ ಯಾವುದು, ನೆಲೆಯಿಲ್ಲದೆ ನಿಂತವನಿಗೆ ಹೊತ್ತವಳು ಒಬ್ಬಳು ಬೇಡವೆ, ಶಕ್ತಿಯೇ ಮೊದಲೆನ್ನುವುದಾದರೆ ಅವಳ ಸಂಕಲ್ಪಕ್ಕೆ ಬೀಜವೆಲ್ಲಿಂದ ಬಂತು, ಪಂಚಭೂತಗಳಲ್ಲಿ ಯಾವುದರ ಹೊಟ್ಟೆಯಲ್ಲಿ ಯಾವುದು ಹುಟ್ಟಿತು, ದೇಹದೊಳಗಣ ತತ್ತ್ವಗಳನ್ನು ಎಣಿಸಿದರೆ ಎಷ್ಟಾಗುತ್ತವೆ ಎಂಬ ಮಾದರಿಯ ಪ್ರಶ್ನೆಗಳು ಅವು. ಸೃಷ್ಟಿಯನ್ನೇ ಬಿಚ್ಚಿ ಅದರ ಒಳಗಣ ಕೀಲುಗಳನ್ನು ತೋರಿಸೆಂದು ಕೇಳುವ ಈ ಕುತೂಹಲವನ್ನು, ನಕ್ಷತ್ರಲೋಕದ ಆಟವನ್ನು ಕಟ್ಟುವವನಿಗೆ ಅದರ ಭೌತನಿಯಮಗಳನ್ನು ವಿವರಿಸೆಂದು ಕೇಳುವ ಕುತೂಹಲದಿಂದ ಬೇರೆಯೆಂದು ಎಣಿಸಲು ನನ್ನ ಮನಸ್ಸೊಪ್ಪದು.

ಕೇಳುವವರು ಯಾರು? ದಿನವೆಲ್ಲ ಹೊಲದಲ್ಲಿ ದುಡಿದ ಒಕ್ಕಲಿಗರು, ಕುಣಿಮಗ್ಗದಲ್ಲಿ ಕಾಲಿಳಿಸಿ ಲಾಳಿ ಎಸೆದ ರಬಕವಿ-ಬನಹಟ್ಟಿಯ ನೇಕಾರರು, ಬಡಿಗ ಕಮ್ಮಾರರು, ಮಾಳಿಗೆಯ ಮೇಲೆ ಕುಳಿತ ಹೆಣ್ಣುಮಕ್ಕಳು. ಹಿಂದೆ ಇವರಲ್ಲಿ ಬಹುಮಂದಿಗೆ ಅಕ್ಷರ ಬಾರದಿದ್ದರೂ ಪುರಾಣಗಳ ಎಳೆ ಎಳೆಯೂ ಕಂಠಸ್ಥವಾಗಿತ್ತು. ಉತ್ತರ ತಡವಾದರೆ “ಜವಾಬ್ ಕೊಡ್ರಿ ಮಾಸ್ತರ, ಬೆಳಕ ಹರೀತು!” ಎಂದು ಕೂಗುವವರೂ ಇವರೇ, ಒಳ್ಳೆಯ ಉತ್ತರಕ್ಕೆ ಎದ್ದು ಬಂದು ಆಯೇರಿ ಮಾಡುವವರೂ ಇವರೇ. ರಾತ್ರಿ ಬಿದ್ದ ಸವಾಲು ಮರುದಿನ ಮಗ್ಗದ ಮನೆಗಳಲ್ಲಿಯೂ ಕಣಗಳಲ್ಲಿಯೂ ಮತ್ತೆ ಮಥನಕ್ಕೆ ಬರುತ್ತಿತ್ತು. ಶಾಲೆಗಳು ವಿರಳವಾಗಿದ್ದ ಕಾಲದಲ್ಲಿ ಈ ಸೀಮೆಯ ಸಾಮಾನ್ಯರು ತರ್ಕಿಸುವುದನ್ನು ಕಲಿತದ್ದು ಇಂಥ ರಾತ್ರಿಗಳಲ್ಲಿ ಎಂದು ನಾನು ಧೈರ್ಯವಾಗಿ ಹೇಳುವೆನು.

ಜವಾಬಿಗೆ ಕಟ್ಟುನಿಟ್ಟಾದ ನಿಯಮಗಳುಂಟು. ಸವಾಲು ಯಾವ ಧಾಟಿಯಲ್ಲಿ ಬಂತೋ ಜವಾಬೂ ಅದೇ ಧಾಟಿಯಲ್ಲಿ ಹೋಗಬೇಕು; ಪಲ್ಲ, ನುಡಿ, ಚಾಲ, ಏರು, ಇಳುವು ಎಂಬ ಲಾವಣಿಯ ಅಂಗಗಳು ಕೆಡಬಾರದು; ಹೇಳಿದ ಮಾತಿಗೆ ಆಧಾರವಿರಬೇಕು, ಯಾವ ಪುರಾಣದಲ್ಲಿ ಯಾವ ಪ್ರಸಂಗದಲ್ಲಿ ಬಂದಿದೆಯೆಂದು ಕೇಳಿದರೆ ತೋರಿಸಬೇಕು. ಆಧಾರವಿಲ್ಲದ ಉತ್ತರ ಎಷ್ಟು ಇಂಪಾಗಿದ್ದರೂ ಸಭೆಯಲ್ಲಿ ಸಲ್ಲದು. ಇದಕ್ಕೂ ಮಿಗಿಲಾಗಿ, ಲಾವಣಿಯ ಕೊನೆಯ ನುಡಿಯಲ್ಲಿ ಕಟ್ಟಿದವನ ಊರು, ಅವನ ಗುರು, ದಪ್ಪು ಹಿಡಿದವನು, ಜೊತೆಗೆ ಹಾಡಿದವನು, ಇವರೆಲ್ಲರ ಹೆಸರೂ ಬರುವುದರಿಂದ, ಹುಸಿಯಾಡಿದರೆ ಅದರ ಅಪಕೀರ್ತಿ ಒಬ್ಬನ ತಲೆಗೆ ಮಾತ್ರವಲ್ಲದೆ ಇಡೀ ಮೇಳಕ್ಕೂ ಊರಿಗೂ ತಟ್ಟುತ್ತದೆ. ಮುಧೋಳದ ಮಣ್ಣಿಗೆ ಈ ಬಗೆಯ ಎದೆಗಾರಿಕೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಅಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿ ಚಾಲುಕ್ಯ ಚಕ್ರವರ್ತಿಯಿಂದ ಕವಿಚಕ್ರವರ್ತಿ ಪದವಿಯನ್ನು ಪಡೆದ ರನ್ನನು ತನ್ನ ಕೃತಿಯನ್ನು ಪರೀಕ್ಷಿಸಹೊರಡುವವನಿಗೆ ಅಸಾಧಾರಣವಾದ ಧೈರ್ಯ ಬೇಕೆಂದು ಸಾರಿದನಷ್ಟೆ. ಪರೀಕ್ಷೆಗೆ ಅಂಜದವನು ಮಾತ್ರ ಹಾಗೆ ಸಾರಬಲ್ಲನು.

ನಾಗೇಶಿಯ ಪಕ್ಷವನ್ನು ಹೆಂಗಸರ ಮೇಳ ಹಿಡಿಯುವುದು ಈ ಭಾಗದಲ್ಲಿ ರೂಢಿಯಾಗಿದೆ, ಮತ್ತು ಈ ಸಂಪ್ರದಾಯದ ಚರಿತ್ರೆಯಲ್ಲಿ ಇದಕ್ಕಿಂತ ಮಹತ್ತ್ವದ ಸಂಗತಿ ಬೇರೊಂದಿಲ್ಲವೆಂದು ನನ್ನ ನಂಬಿಕೆ. ಮನೆಯಲ್ಲಿ ಮಾವನೆದುರು ತಲೆಯೆತ್ತಿ ಮಾತಾಡಲು ಹೆಣ್ಣಿಗೆ ಅವಕಾಶವಿಲ್ಲದ ಸಮಾಜದಲ್ಲಿ, ಊರಿನ ಗೌಡ ಕುಲಕರ್ಣಿಗಳೂ ಮಠದ ಅಯ್ಯನವರೂ ಕುಳಿತ ಸಭೆಯ ನಡುವೆ ಎದ್ದುನಿಂತು, ದಪ್ಪಿನ ಪೆಟ್ಟಿಗೆ ಸರಿಯಾಗಿ, ಹೆಣ್ಣಿಲ್ಲದೆ ನಿನ್ನ ದೇವರು ಹುಟ್ಟಿದ್ದಾದರೂ ಹೇಗೆಂದು ಅವಳು ಗಂಡಸಿಗೆ ಸವಾಲು ಹಾಕುತ್ತಿದ್ದಳು. ಗಂಡಸು ಆ ಪ್ರಶ್ನೆಯನ್ನು ಗದರಿ ಅಡಗಿಸುವಂತಿರಲಿಲ್ಲ, ಉತ್ತರವನ್ನೇ ಹುಡುಕಬೇಕಾಗಿತ್ತು. ಇಂಥ ಹಾಡುಗಾರ್ತಿಯರನ್ನು ಸಮಾಜವು ರಾತ್ರಿ ಹೊಗಳಿ ಹಗಲು ದೂರವಿಟ್ಟುದೂ ನಿಜ. ಅದು ಅನ್ಯಾಯ, ಆ ಅನ್ಯಾಯದ ಲೆಕ್ಕವನ್ನು ನಾವು ಇನ್ನೂ ತೀರಿಸಿಲ್ಲ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದಾದ್ಯಂತ ಹೆಸರಾದರು. ಅವರ ದಾರಿ ನಾಟಕ ಮತ್ತು ಸಿನೆಮಾಗಳದು, ಹಾಡಿಕೆಯದಲ್ಲ. ಆದರೂ ಹೆಣ್ಣಿನ ಕಂಠಕ್ಕೆ ಇಷ್ಟು ಬಲ ಬಂದದ್ದು ಅದನ್ನು ಕೇಳಿ ತಲೆದೂಗಬಲ್ಲ ಸೀಮೆಯಲ್ಲಿಯೇ ಎಂಬುದನ್ನು ಮರೆಯಲಾಗದು.

ಪ್ರಶ್ನೋತ್ತರದ ಈ ಅಭ್ಯಾಸ ಹಾಡಿಕೆಯೊಂದಕ್ಕೇ ಸೀಮಿತವಾಗಿರಲಿಲ್ಲ. ಮೊಹರಮ್ ದಿನಗಳಲ್ಲಿ ಹಾಡುವ ರಿವಾಯತ ಪದಗಳಲ್ಲಿಯೂ ಸವಾಲು-ಜವಾಬುಗಳುಂಟು, ಅವು ಅಚ್ಚಗನ್ನಡದಲ್ಲಿಯೇ ನಡೆಯುತ್ತವೆ. ಅಪರಾಳ ತಮ್ಮಣ್ಣನು ರಚಿಸಿ ಕುಳಗೋಡ ತಮ್ಮಣ್ಣನು ರಂಗಕ್ಕೆ ಒಗ್ಗಿಸಿದ ಶ್ರೀಕೃಷ್ಣ ಪಾರಿಜಾತದಲ್ಲಿ, ಪಾತ್ರ ಬಂದು ನಿಂತೊಡನೆ ಭಾಗವತನು ನೀನಾರು, ಎಲ್ಲಿಂದ ಬಂದೆ, ಬಂದ ಕಾರಣವೇನು ಎಂದು ಕೇಳುವುದು ಪ್ರೇಕ್ಷಕರ ಪ್ರತಿನಿಧಿಯಾಗಿ. ದೂತಿಯಂತೂ ದೇವರೆಂಬ ಸಂಕೋಚವಿಲ್ಲದೆ ಕೃಷ್ಣನ ಮಾತುಗಳನ್ನು ಊರ ಭಾಷೆಯಲ್ಲಿ ಒರೆಗೆ ಹಚ್ಚುತ್ತಾಳೆ.

ಆಧಾರವನ್ನು ಕೇಳುವ ಈ ಜನರು ಇತಿಹಾಸವನ್ನೂ ಅದೇ ಲಾವಣಿಯಲ್ಲಿ ಬರೆದಿಟ್ಟುಕೊಂಡರು. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಹತಾರಗಳನ್ನು ಒಪ್ಪಿಸಲಾರೆವೆಂದು ಎದ್ದುನಿಂತರು. ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ದಂಡು ಊರನ್ನು ಸುಟ್ಟಿತು. ಡಿಸೆಂಬರ್‌ನಲ್ಲಿ ಹಿಡಿದವರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಸರಕಾರಿ ಕಡತಗಳಲ್ಲಿ ಇದು ಒಂದು ದಂಗೆಯ ವರದಿ ಮಾತ್ರ. ಜಡಗ, ಬಾಲ, ಹನುಮ, ರಾಮ ಎಂಬವರ ಹೆಸರುಗಳನ್ನು, ಅವರು ಏಕೆ ಮಣಿಯಲಿಲ್ಲವೆಂಬ ಕಾರಣವನ್ನು, ಊರು ಉರಿದ ಬಗೆಯನ್ನು ಉಳಿಸಿದ್ದು ಕುರ್ತಕೋಟಿಯ ಅಂಕಿತದ ಲಾವಣಿ. ಮುಂದೆ ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಇದನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದನು. ಪುರಾಣದ ಸವಾಲಿಗೆ ಪುರಾಣದಿಂದ ಜವಾಬು ಕೊಡುತ್ತ ಬೆಳೆದ ನಾಲಗೆಯೇ ಇತಿಹಾಸದ ಸವಾಲು ಎದುರಾದಾಗ ಅದಕ್ಕೂ ಜವಾಬು ಕೊಟ್ಟಿತು.

ಈಗ ನವೀನ ಲೋಕದ ಒಂದು ನಿದರ್ಶನವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. 2013ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಹಲೋ ಗೇಮ್ಸ್ ಎಂಬ ಚಿಕ್ಕ ಸಂಸ್ಥೆ ‘ನೋ ಮ್ಯಾನ್ಸ್ ಸ್ಕೈ’ ಎಂಬ ಅಂತರಿಕ್ಷದ ಆಟವನ್ನು ಘೋಷಿಸಿತು. ಅರವತ್ತನಾಲ್ಕು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವಷ್ಟು ಗ್ರಹಗಳನ್ನು ಗಣಿತಸೂತ್ರಗಳಿಂದಲೇ ಹುಟ್ಟಿಸುವ ಆಟವದು. ಅದು ಹೊರಬರುವವರೆಗಿನ ಎರಡೂವರೆ ವರ್ಷಗಳಿಗೂ ಮಿಕ್ಕ ಕಾಲ ಅದರ ಮುಖ್ಯ ನಿರ್ಮಾತೃ ಶಾನ್ ಮರೆ ಅಭಿಮಾನಿಗಳ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಬಂದರು. ಒಬ್ಬ ಆಟಗಾರ ಇನ್ನೊಬ್ಬನನ್ನು ಆ ಅಪಾರ ವಿಶ್ವದಲ್ಲಿ ಸಂಧಿಸಬಹುದೆ ಎಂಬ ಪ್ರಶ್ನೆಗೆ, ಸಂಭವ ಅತ್ಯಲ್ಪ, ಆದರೂ ಸಾಧ್ಯವೆಂಬ ಅರ್ಥದ ಉತ್ತರ ಬಂದಿತ್ತು. 2016ರ ಆಗಸ್ಟ್‌ನಲ್ಲಿ ಆಟ ಬಿಡುಗಡೆಯಾದೊಡನೆ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ತಾಣಕ್ಕೆ ಹೋಗಿ ನಿಂತರು, ಒಬ್ಬರಿಗೊಬ್ಬರು ಕಾಣಿಸಲಿಲ್ಲ. ಎದ್ದ ಕೋಪಕ್ಕೆ ಪಾರವಿರಲಿಲ್ಲ. ಸಂಸ್ಥೆ ಮೌನ ತಾಳಿ ಕೆಲಸಕ್ಕೆ ಕುಳಿತು, 2018ರ ಜುಲೈನಲ್ಲಿ ಹಲವರು ಕೂಡಿ ಆಡುವ ಸೌಕರ್ಯವನ್ನು ಆಟಕ್ಕೆ ಸೇರಿಸಿ, ತಡವಾಗಿಯಾದರೂ ಆ ಪ್ರಶ್ನೆಗೆ ಕೃತಿಯ ಮೂಲಕವೇ ಜವಾಬು ಕೊಟ್ಟಿತು.

ನಮ್ಮ ಹಾಡಿಕೆಯ ಮಾಸ್ತರನಿಗಿದ್ದ ಒಂದು ರಕ್ಷಣೆ ಆ ನಿರ್ಮಾತೃವಿಗೆ ಇರಲಿಲ್ಲವೆಂದು ನನಗೆ ತೋರುತ್ತದೆ. ನಿರ್ಮಾತೃವಿನ ಮುಂದೆ ಇದ್ದವರು ಅಭಿಮಾನಿಗಳು ಮಾತ್ರ. ಹೇಳಿದ ಮಾತಿಗೆ ಆಧಾರ ತೋರಿಸೆಂದು ಅದೇ ಗಳಿಗೆಯಲ್ಲಿ ಪಟ್ಟುಹಿಡಿಯುವ ಎದುರು ಮೇಳ ಅಲ್ಲಿರಲಿಲ್ಲ. ಪ್ರೀತಿಯಿಂದ ಕೇಳುವವರ ಮುಂದೆ ಮಾತು ತಾನಾಗಿ ಹಿಗ್ಗುತ್ತದೆ. ಜಾಣನಾದ ಪ್ರತಿವಾದಿ ಕುಳಿತಿದ್ದರೆ ಬಾಯಿಗೆ ಬಂದ ಮಾತು ಹದಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ 1997ರಲ್ಲಿ ಧ್ರುವ ಇಂಟರ್‌ಆಕ್ಟಿವ್ ಎಂಬ ವಿಡಿಯೋ ಗೇಮ್ ಸಂಸ್ಥೆ ಸ್ಥಾಪನೆಯಾದ ಮೇಲೆ ನಮ್ಮ ನಾಡಿನ ತರುಣರೂ ಈ ಉದ್ಯೋಗದಲ್ಲಿ ತೊಡಗಿದ್ದಾರೆ. ಅವರಲ್ಲೊಬ್ಬರು ಮುಂದೆ ತಮ್ಮದೇ ಒಂದು ಲೋಕವನ್ನು ಕಟ್ಟಿ ಪ್ರಶ್ನೆಗಳಿಗೆ ಎದುರಾಗುವ ದಿನ ಬಂದಾಗ, ಜಮಖಂಡಿಯ ಕಡೆಯ ಒಂದು ಹಾಡಿಕೆಯ ರಾತ್ರಿಯನ್ನು ಕೇಳಿದ್ದರೆ ಎಷ್ಟೋ ಉಪಕಾರವಾದೀತು.

ಆದರೆ ಕೇಳಲು ಅದು ಉಳಿದಿರಬೇಕಷ್ಟೆ. ಹಾಡಿಕೆ ಇನ್ನೂ ನಿಂತಿಲ್ಲ. ಜಾತ್ರೆಗಳಲ್ಲಿ ಮೇಳಗಳು ಈಗಲೂ ಏರುತ್ತವೆ, ಧ್ವನಿವರ್ಧಕ ಬಂದಿದೆ, ಕ್ಯಾಸೆಟ್ಟುಗಳ ಕಾಲ ಬಂದು ಹೋಗಿ ಮೊಬೈಲಿನಲ್ಲಿ ಚಿತ್ರಸಮೇತ ನೋಡುವ ಕಾಲ ಬಂದಿದೆ. ಕುಂದು ಬಂದಿರುವುದು ರಾತ್ರಿಯ ದೀರ್ಘತೆಗೆ. ಬೆಳಗಿನವರೆಗೆ ನಡೆಯುತ್ತಿದ್ದ ವಾದವನ್ನು ಕೆಲವೇ ನಿಮಿಷಗಳ ತುಣುಕಾಗಿ ಕತ್ತರಿಸಿದಾಗ ಸವಾಲು ಒಂದು ಕಡೆ, ಜವಾಬು ಇನ್ನೊಂದು ಕಡೆ ಬೀಳುತ್ತವೆ. ಹಳೆಯ ಮಾಸ್ತರರ ಮನೆಗಳಲ್ಲಿ, ಜಂತಿಗೆ ಸಿಕ್ಕಿಸಿದ ಬಟ್ಟೆಯ ಗಂಟುಗಳಲ್ಲಿ, ಕೈಬರಹದ ವಹಿಗಳಿವೆ. ಸವಾಲಿನ ಪದವನ್ನು ಒಬ್ಬನ ವಹಿಯಿಂದಲೂ ಅದರ ಜವಾಬನ್ನು ಎದುರು ಪಕ್ಷದವಳ ವಹಿಯಿಂದಲೂ ತಂದು, ಯಾವ ಊರಿನಲ್ಲಿ ಯಾವ ಹಬ್ಬದಲ್ಲಿ ಯಾರು ಯಾರಿಗೆ ಹಾಕಿದರೆಂಬ ವಿವರದೊಡನೆ ಜೋಡಿಸಿ ಪ್ರಕಟಿಸುವ ಕೆಲಸ ನಡೆಯಬೇಕಾಗಿದೆ. ಆ ಜೋಡಣೆಯನ್ನು ಮಾಡಬಲ್ಲವರು ಎರಡೂ ಪಕ್ಷದ ಹಾಡುಗಳನ್ನು ಕಂಠದಲ್ಲಿಟ್ಟುಕೊಂಡ ಹಿರಿಯ ಹಾಡುಗಾರರು. ಅವರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳಿದರೆ ಹೇಳುತ್ತಾರೆ.